ಒಂದೇ ಸೌಟು, ಹದಿನಾಲ್ಕು ಎಲೆ

‘ನೆಟ್ ಸ್ಲೋ’ ಎಂಬ ಎರಡು ಪದಗಳ ವಾಕ್ಯದಲ್ಲಿ ಕ್ರಿಯಾಪದವಿಲ್ಲ, ಕೆಡಿಸಿದವರ ಹೆಸರೂ ಇಲ್ಲ. ಬಹುಶಃ ಈ ವ್ಯಾಕರಣಸೌಕರ್ಯದಿಂದಲೇ ಅದು ಬೆಂಗಳೂರು, ಮೈಸೂರುಗಳ ಮನೆಗಳಲ್ಲಿ ‘ನೀರು ಬಂದಿಲ್ಲ’, ‘ಕರೆಂಟ್ ಹೋಯಿತು’ ಎಂಬ ಹಿರಿಯ ವಾಕ್ಯಗಳ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತಿದೆ. ಆದರೆ ಆ ಹಿರಿಯ ವಾಕ್ಯಗಳಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ನೀರು ಬಾರದಿದ್ದರೆ ಅಡುಗೆಮನೆಗೂ ಇಲ್ಲ, ಬಚ್ಚಲಿಗೂ ಇಲ್ಲ. ಕರೆಂಟ್ ಹೋದರೆ ಅತ್ತೆಯ ಕೋಣೆಗೂ ಸೊಸೆಯ ಕೋಣೆಗೂ ಒಟ್ಟಿಗೇ ಹೋಗುತ್ತದೆ. ವೈ-ಫೈ ಮಾತ್ರ ಹಜಾರದಲ್ಲಿ ಹುಲಿಯಾಗಿದ್ದು, ಮೆಟ್ಟಿಲೇರಿ ಮಹಡಿಯ ಕೋಣೆ ಸೇರುವಷ್ಟರಲ್ಲಿ ಇಲಿಯಾಗಿ, ಒಂದೇ ಸೂರಿನಡಿ ಉಳ್ಳವರನ್ನೂ ಇಲ್ಲದವರನ್ನೂ ಹುಟ್ಟಿಸುತ್ತದೆ.

ಈ ದೂರನ್ನು ಶಾಸ್ತ್ರೀಯವಾಗಿ ವಿಂಗಡಿಸುವುದಾದರೆ, ಬೀದಿಯ ಕಂಬದಿಂದ ಮನೆಯೊಳಗಿನ ಪೆಟ್ಟಿಗೆಯವರೆಗಿನ ದಾರಿ ಒಂದು, ಆ ಪೆಟ್ಟಿಗೆಯಿಂದ ಕೈಯಲ್ಲಿರುವ ಫೋನಿನವರೆಗಿನ ದಾರಿ ಇನ್ನೊಂದು. ಮೊದಲನೆಯದರಲ್ಲಿ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯೊಳಗೆ ಬೆಳಕು ಓಡುತ್ತದೆ. ಎರಡನೆಯದರಲ್ಲಿ ಪೆಟ್ಟಿಗೆಯ ಕೊಂಬುಗಳಿಂದ, ಅಂದರೆ ಆಂಟೆನಾಗಳಿಂದ, ಹೊರಟ ರೇಡಿಯೋ ಅಲೆಗಳು ಗೋಡೆ, ಬಾಗಿಲು, ಬೀರು, ಮನುಷ್ಯರನ್ನೆಲ್ಲ ದಾಟಿಕೊಂಡು ಹೋಗಬೇಕಾಗುತ್ತದೆ. ಈ ಅಲೆಗಳ ಮೂಲಕ ಅಂತರ್ಜಾಲವನ್ನು ಹಂಚುವ ಸಾಧನಕ್ಕೆ ರೂಟರ್ ಎಂದು ಹೆಸರು. ಮನೆಮಂದಿ ಅದನ್ನು ‘ಮೋಡೆಮ್’ ಎಂದೋ, ಸಿಟ್ಟು ಬಂದಾಗ ‘ಆ ಡಬ್ಬ’ ಎಂದೋ ಕರೆಯುವುದು ರೂಢಿ. ಕಂಪನಿಯನ್ನು ಬಯ್ಯಬಹುದಾದದ್ದು ಮೊದಲ ದಾರಿಗೆ ಮಾತ್ರ. ಸಹಾಯವಾಣಿಯ ಸಂಗೀತವನ್ನು ಅರ್ಧ ಗಂಟೆ ಕೇಳುವ ಮುನ್ನ ಲ್ಯಾಪ್‌ಟಾಪನ್ನು ತಂತಿಯಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ ವೇಗ ಅಳೆದು ನೋಡಿದರೆ, ಹಣ ತೆತ್ತಷ್ಟು ಸರಕು ಹೊಸ್ತಿಲವರೆಗೆ ಬಂದಿದೆಯೋ ಇಲ್ಲವೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಬಂದಿದೆಯೆಂದಾದರೆ ಉಳಿದದ್ದು ಸಂಸಾರದ ಒಳಜಗಳ, ಅದರಲ್ಲಿ ಹೊರಗಿನವರು ತಲೆಹಾಕುವಂತಿಲ್ಲ.

ಅಳತೆಯ ಮಾತು ಬಂದುದರಿಂದ ಒಂದು ಹಳೆಯ ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ಕಂಪನಿಗಳು ವೇಗವನ್ನು ಮೆಗಾಬಿಟ್‌ಗಳಲ್ಲಿ ಮಾರುತ್ತವೆ, ಫೋನುಗಳು ಕಡತದ ಗಾತ್ರವನ್ನು ಮೆಗಾಬೈಟ್‌ಗಳಲ್ಲಿ ತೋರಿಸುತ್ತವೆ. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆಗುವುದರಿಂದ, ಬಿಟ್ಟಿಗೂ ಬೈಟಿಗೂ ಇರುವ ಸಂಬಂಧ ಹಳೇ ಮೈಸೂರಿನ ಅಂಗಡಿಗಳ ಅರೆಪಾವಿಗೂ ಸೇರಿಗೂ ಇದ್ದ ಸಂಬಂಧವೇ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಹನ್ನೆರಡೂವರೆ ಮೆಗಾಬೈಟ್, ಆ ವೇಗದಲ್ಲಿ ಒಂದೂವರೆ ಗಿಗಾಬೈಟಿನ ಸಿನಿಮಾ ಇಳಿಯಲು ಎರಡು ನಿಮಿಷ ಸಾಕು. ಹಜಾರದ ದೊಡ್ಡ ಟಿವಿಯಲ್ಲಿ ಅತ್ಯಂತ ಸ್ಫುಟವಾದ 4ಕೆ ಚಿತ್ರ ಓಡಲು ಹೆಚ್ಚೆಂದರೆ 25 ಮೆಗಾಬಿಟ್, ಎರಡು ಕೋಣೆಗಳಲ್ಲಿ ಸಾಧಾರಣ ಸ್ಫುಟತೆಯ ಧಾರಾವಾಹಿಗಳಿಗೆ ಐದೈದು, ಇಬ್ಬರ ಆಫೀಸಿನ ವಿಡಿಯೋ ಮೀಟಿಂಗಿಗೆ ನಾಲ್ಕು ನಾಲ್ಕು ಎಂದು ಉದಾರವಾಗಿ ಕೂಡಿದರೂ ಮೊತ್ತ 43ನ್ನು ದಾಟುವುದಿಲ್ಲ. ಈ ಸಮೃದ್ಧಿ ಹೊಸದು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಟೆಲಿಫೋನ್ ತಂತಿಯಲ್ಲಿ ಕಿರುಚುತ್ತ ಬರುತ್ತಿದ್ದ ಆ ನೆಟ್ಟಿನ ಕಾಲದಲ್ಲಿ ಒಬ್ಬರು ಕುಳಿತರೆ ಮನೆಯ ಫೋನೇ ಸತ್ತಿರುತ್ತಿದ್ದುದರಿಂದ ಹಂಚಿಕೆಯ ಜಗಳಕ್ಕೆ ಅವಕಾಶವಿರಲಿಲ್ಲ. ಸರ್ಕಾರ 2004ರಲ್ಲಿ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದಿತು, 2013ರಲ್ಲಿ ಅದನ್ನು 512ಕ್ಕೆ, 2023ರಲ್ಲಿ ಎರಡು ಮೆಗಾಬಿಟ್‌ಗೆ ಏರಿಸಿತು. 100 ಮೆಗಾಬಿಟ್ಟಿನ ಪ್ಲಾನ್ ಇರುವ ಮನೆಗೆ ಬರುವುದು ಅದರ ಐವತ್ತು ಪಟ್ಟು. ಆದರೂ ಮೀಟಿಂಗಿನ ನಡುವೆ ಮ್ಯಾನೇಜರ ಮುಖ ಬಾಯಿ ತೆರೆದ ಸ್ಥಿತಿಯಲ್ಲಿ ಕಲ್ಲಾಗುವುದು ತಪ್ಪಿಲ್ಲ.

ಕಾರಣ ಹುಡುಕಲು ಮೊದಲು ಜನಗಣತಿ ಆಗಬೇಕು. ‘ನಾಲ್ಕು ಜನ, ನಾಲ್ಕು ಫೋನು’ ಎಂದು ಯಜಮಾನರು ಘೋಷಿಸುವ ಮನೆಯಲ್ಲಿ ರೂಟರಿನ ಪಟ್ಟಿ ತೆರೆದರೆ ಹದಿನಾಲ್ಕು ಹೆಸರುಗಳಿರುತ್ತವೆ: ನಾಲ್ಕು ಫೋನುಗಳಲ್ಲದೆ ಎರಡು ಲ್ಯಾಪ್‌ಟಾಪು, ಟಿವಿ, ಕೈಗಡಿಯಾರ, ಗೇಟಿನ ಮೇಲಿನ ಕ್ಯಾಮೆರಾ, ಮಾತನಾಡುವ ಸ್ಪೀಕರು, ತಿಂಗಳಿಗೊಮ್ಮೆ ಮಾತ್ರ ಕೆಲಸ ಮಾಡುವ ಪ್ರಿಂಟರು, ಅಜ್ಜನ ಒಡೆದ ಗಾಜಿನ ಹಳೆಯ ಫೋನು, ಮಕ್ಕಳ ಆನ್‌ಲೈನ್ ತರಗತಿಗೆಂದು ಕೊಂಡು ಮರೆತ ಟ್ಯಾಬು, ಮತ್ತು ಮೂರು ವರ್ಷದ ಹಿಂದೆ ಮೇಲಿನ ಮನೆಯ ಬಾಡಿಗೆದಾರರಿಗೆ ‘ಒಂದೇ ಒಂದು ದಿನಕ್ಕೆ’ ಎಂದು ಕೊಟ್ಟ ಪಾಸ್‌ವರ್ಡಿನ ಫಲವಾಗಿ ಇಂದಿಗೂ ಸಂಸಾರದ ಸದಸ್ಯನಾಗಿಯೇ ಉಳಿದ, ಯಾರದೆಂದು ಹೇಳಲಾಗದ ಒಂದು ಫೋನು. ಅವಿಭಕ್ತ ಕುಟುಂಬ ಅಳಿಯಿತೆಂದು ಕೊರಗುವ ಸಮಾಜಶಾಸ್ತ್ರಜ್ಞರು ಈ ಪಟ್ಟಿಯನ್ನು ನೋಡಿಲ್ಲ.

ಈ ಹದಿನಾಲ್ವರಿಗೆ ರೂಟರು ಬಡಿಸುವ ಕ್ರಮ ಮದುವೆಮನೆಯ ಪಂಕ್ತಿಯದು, ಆದರೆ ಬಡಿಸುವವನು ಒಬ್ಬ, ಅವನ ಕೈಯಲ್ಲಿ ಸೌಟು ಒಂದೇ. ಒಂದು ರೇಡಿಯೋ ದಾರಿಯಲ್ಲಿ, ಅಂದರೆ ಚಾನೆಲ್‌ನಲ್ಲಿ, ಒಂದು ಸಲಕ್ಕೆ ಒಂದೇ ಸಾಧನ ಮಾತನಾಡಬಹುದು. ರೂಟರು ‘ಸಾರು ಹಾಕಲೇ’ ಎನ್ನುವಾಗ ಉಣ್ಣುವವರೆಲ್ಲ ಸುಮ್ಮನಿರಬೇಕು, ಒಬ್ಬರು ‘ಇನ್ನೊಂದು ಸೌಟು’ ಎನ್ನುವಾಗ ರೂಟರೂ ಉಳಿದವರೂ ಸುಮ್ಮನಿರಬೇಕು. ಇದರ ಮೂಲ ಹವಾಯಿ ದ್ವೀಪಗಳಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಅಲೋಹಾನೆಟ್ ಎಂಬ ರೇಡಿಯೋ ಜಾಲವನ್ನು ಆರಂಭಿಸಿದಾಗ ಇಟ್ಟುಕೊಂಡ ನಿಯಮ ಸರಳವಾಗಿತ್ತು: ಮಾತು ಬಂದಾಗ ಆಡು, ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆದರೆ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಆಡು. 1997ರಲ್ಲಿ ಸೆಕೆಂಡಿಗೆ ಎರಡು ಮೆಗಾಬಿಟ್ ವೇಗದೊಡನೆ ಹೊರಬಂದ ವೈ-ಫೈನ ಮೊದಲ ಮಾನಕ ಅದಕ್ಕೆ ಇನ್ನೊಂದು ಸೌಜನ್ಯ ಸೇರಿಸಿತು: ಮಾತನಾಡುವ ಮೊದಲು ಕಿವಿಗೊಟ್ಟು ಕೇಳು, ಯಾರೂ ಮಾತನಾಡುತ್ತಿಲ್ಲವೆಂದು ಖಚಿತವಾದರೆ ತುಸು ತಡೆದು ಬಾಯಿ ತೆರೆ. ನಾಲ್ಕು ಸಾವಿರ ರೂಪಾಯಿಯ ಫೋನು ಕೂಡ ಪಾಲಿಸುವ ಈ ನಿಯಮವನ್ನು ಅದರ ಮಾಲೀಕರು ಊಟದ ಮೇಜಿನಲ್ಲಿ ಪಾಲಿಸುವುದು ಅಪರೂಪ.

ಪಂಕ್ತಿಯ ನಿಜವಾದ ತೊಡಕು ನಿಧಾನವಾಗಿ ಉಣ್ಣುವವರಿಂದ ಬರುತ್ತದೆ. ವೈ-ಫೈ ಎಲ್ಲರಿಗೂ ಸಮಾನ ಸರದಿ ಕೊಡುತ್ತದೆಯೇ ಹೊರತು ಸಮಾನ ಸಮಯವನ್ನಲ್ಲ. ದತ್ತಾಂಶ ಸಾಗುವುದು ಪ್ಯಾಕೆಟ್ ಎಂಬ ಸಣ್ಣ ಪೊಟ್ಟಣಗಳಲ್ಲಿ; 1,500 ಬೈಟಿನ ಒಂದು ಪೊಟ್ಟಣ, ರೂಟರಿನ ಎದುರಿಗೇ ಕುಳಿತು 300 ಮೆಗಾಬಿಟ್ ವೇಗದಲ್ಲಿ ಪಡೆಯುವ ಹೊಸ ಲ್ಯಾಪ್‌ಟಾಪಿಗೆ 40 ಮೈಕ್ರೋಸೆಕೆಂಡುಗಳಲ್ಲಿ ಮುಟ್ಟಿದರೆ, ಎರಡು ಗೋಡೆಗಳಾಚೆ ಮಂಚದ ಮೇಲೆ ಆರು ಮೆಗಾಬಿಟ್ ವೇಗದಲ್ಲಿ ಏದುಸಿರು ಬಿಡುತ್ತಿರುವ ಅಜ್ಜನ ಫೋನಿಗೆ ಮುಟ್ಟಲು 2,000 ಮೈಕ್ರೋಸೆಕೆಂಡು ಬೇಕು. ಅಂದರೆ ಅಜ್ಜನ ಒಂದು ತುತ್ತಿನ ಹೊತ್ತಿನಲ್ಲಿ ಮೊಮ್ಮಗಳು ಐವತ್ತು ತುತ್ತು ಉಣ್ಣಬಹುದಿತ್ತು. ಆದರೆ ಹಿರಿಯರು ಏಳುವವರೆಗೆ ಯಾರೂ ಏಳಬಾರದೆಂಬ ಪಂಕ್ತಿಧರ್ಮದಂತೆ ಅವಳೂ ಕಾಯಬೇಕು. ಅಜ್ಜ ಪ್ರವಚನದ ವಿಡಿಯೋ ಹಚ್ಚಿದಾಗಲೆಲ್ಲ ಮೊಮ್ಮಗಳ ಆಟ ನಿಲ್ಲುವುದು ಪೀಳಿಗೆಗಳ ಸಂಘರ್ಷವಲ್ಲ, ಶುದ್ಧ ಗಣಿತ. ವೈ-ಫೈ 6 ಎಂಬ ಈಚಿನ ಪೀಳಿಗೆಯ ಸಾಧನಗಳು ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳನ್ನು ಒಟ್ಟಿಗೆ ಹೊತ್ತು ತರುವ ನಾಲ್ಕು ಬಟ್ಟಲಿನ ಹಿಡಿಕೆಯಂತೆ ಒಂದೇ ಸುತ್ತಿನಲ್ಲಿ ಹಲವರಿಗೆ ಬಡಿಸಬಲ್ಲವು. ಆದರೆ ಉಣ್ಣುವ ಸಾಧನವೂ ಅದೇ ಪೀಳಿಗೆಯದಾಗಿರಬೇಕು ಎಂಬುದನ್ನು ಅಂಗಡಿಯವರು ಜೋರಾಗಿ ಹೇಳುವುದಿಲ್ಲ.

ಅಜ್ಜನ ವೇಗ ಆರಕ್ಕೆ ಇಳಿದದ್ದೇಕೆ ಎಂಬ ಪ್ರಶ್ನೆ ಪೆಟ್ಟಿಗೆ ಎಲ್ಲಿದೆ ಎಂಬಲ್ಲಿಗೆ ತಲುಪುತ್ತದೆ, ಮತ್ತು ಈ ವಿಷಯದಲ್ಲಿ ಕನ್ನಡ ನಾಡಿನ ಗೃಹಸ್ಥರ ದಾಖಲೆ ಅಷ್ಟು ಒಳ್ಳೆಯದಲ್ಲ. ಕೇಬಲ್ ಹುಡುಗ ಕಂಬದಿಂದ ತಂತಿ ಎಳೆದು, ಅತಿ ಹತ್ತಿರದ ಕಿಟಕಿಯ ಚೌಕಟ್ಟಿನಲ್ಲಿ ತೂತು ಕೊರೆದು, ತೂತಿನಿಂದ ಒಂದು ಮೊಳ ದೂರದಲ್ಲಿ ಪೆಟ್ಟಿಗೆ ಇಟ್ಟು ಹೋಗುತ್ತಾನೆ. ಅದು ಮನೆಯ ಮೂಲೆ. ಹೊರಟ ಅಲೆಗಳಲ್ಲಿ ಅರ್ಧ ಬೀದಿನಾಯಿಗಳ ಸೇವೆಗೆ ಹೋಗುತ್ತವೆ. ಮರುದಿನ ಪೆಟ್ಟಿಗೆಯ ಮಿಣಮಿಣ ದೀಪಗಳು ಹಜಾರದ ಅಂದಗೆಡಿಸುತ್ತಿವೆಯೆಂದು ಅದು ಶೋಕೇಸಿನೊಳಗೆ, ಟಿವಿಯ ಬೆನ್ನಿಗೆ, ಹಿತ್ತಾಳೆಯ ಗಣಪತಿಗೂ ಸ್ಟೀಲಿನ ಹೂದಾನಿಗೂ ನಡುವೆ ಸೇರುತ್ತದೆ. ಮೇಲೊಂದು ಕಸೂತಿಯ ಬಟ್ಟೆ, ಆಯುಧಪೂಜೆಯಂದು ಕುಂಕುಮ. ಬಟ್ಟೆ, ಕುಂಕುಮಗಳಿಂದ ಅಲೆಗಳಿಗೆ ತೊಂದರೆಯಿಲ್ಲ. ಲೋಹ ಅವುಗಳನ್ನು ಕನ್ನಡಿಯಂತೆ ಹಿಂದಕ್ಕೆ ತಳ್ಳುತ್ತದೆ, ನೀರು ನುಂಗುತ್ತದೆ, ಕಬ್ಬಿಣದ ಸರಳು ಹೆಣೆದ ಕಾಂಕ್ರೀಟು ಎರಡನ್ನೂ ತಕ್ಕಮಟ್ಟಿಗೆ ಮಾಡುತ್ತದೆ. ಹೀಗಾಗಿ ಬೀರು, ಫ್ರಿಜ್ಜು, ಮೀನಿನ ತೊಟ್ಟಿ, ನೆಲಮಹಡಿಯ ಚಾವಣಿ ಇವು ವೈ-ಫೈನ ಜನ್ಮವೈರಿಗಳು. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ ಬೇಸಿಗೆಯನ್ನು ತಡೆದಷ್ಟೇ ಶ್ರದ್ಧೆಯಿಂದ ಸಿಗ್ನಲನ್ನೂ ತಡೆಯುತ್ತದೆ. ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ತೊಟ್ಟಿಮನೆ ಮಾತ್ರ, ಕಟ್ಟಿದವರಿಗೆ ತಿಳಿಯದೆಯೇ, ರೂಟರಿಗೆ ಹೇಳಿ ಮಾಡಿಸಿದಂತಿದೆ. ಮನೆಯ ನಡುಭಾಗವನ್ನು ಬ್ರಹ್ಮಸ್ಥಾನವೆಂದು ಕರೆದು ಅಲ್ಲಿ ಭಾರವೇನನ್ನೂ ಇಡದೆ ಖಾಲಿ ಬಿಡಬೇಕೆನ್ನುವ ವಾಸ್ತುಪಂಡಿತರೂ, ಮನೆಯ ನಡುವೆ ಎದೆಯೆತ್ತರಕ್ಕಿಂತ ಮೇಲೆ ರೂಟರನ್ನಿಟ್ಟು ಸುತ್ತ ಖಾಲಿ ಬಿಡಬೇಕೆನ್ನುವ ರೇಡಿಯೋ ಎಂಜಿನಿಯರರೂ ಒಮ್ಮತಕ್ಕೆ ಬಂದ ಏಕೈಕ ಪ್ರಸಂಗ ಬಹುಶಃ ಇದೇ ಇರಬೇಕು. ಇಬ್ಬರ ಮಾತನ್ನೂ ಕೇಳದಿರುವುದರಲ್ಲಿ ಗೃಹಸ್ಥರು ಪಕ್ಷಪಾತ ತೋರಿಲ್ಲ.

ಆಂಟೆನಾಗಳ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆಯುಂಟು. ಅವುಗಳನ್ನು ಮೊಲದ ಕಿವಿಯಂತೆ ನೆಟ್ಟಗೆ ನಿಲ್ಲಿಸಿದರೆ ಅಲೆಗಳು ಎಲ್ಲೆಡೆ ಸಮನಾಗಿ ಹರಡುತ್ತವೆಂದು ಭಾವಿಸಲಾಗುತ್ತದೆ, ಆದರೆ ಅವು ಹರಡುವ ಆಕಾರ ಉದ್ದಿನ ವಡೆಯದು: ಆಂಟೆನಾ ವಡೆಯ ತೂತಿನಲ್ಲಿ ನೆಟ್ಟ ಕಡ್ಡಿ, ಸುತ್ತಲೂ ವಡೆ ದಂಡಿಯಾಗಿದೆ, ನೇರ ಮೇಲೂ ಕೆಳಗೂ ಇರುವುದು ತೂತು. ಥರ್ಟಿ-ಫಾರ್ಟಿ ಸೈಟಿನಲ್ಲಿ ಮೂರಂತಸ್ತು ಎಬ್ಬಿಸಿದ ಮನೆಯಲ್ಲಿ ರೂಟರಿನ ನೆತ್ತಿಯ ಮೇಲಿನ ಕೋಣೆಯವರಿಗೆ ಪದೇ ಪದೇ ಸಿಗುವುದು ಈ ತೂತೇ. ಒಂದು ಆಂಟೆನಾವನ್ನು ಅಡ್ಡಕ್ಕೆ ಮಲಗಿಸಿದರೆ ವಡೆ ಎದ್ದು ನಿಂತು ಮೇಲಿನವರಿಗೂ ಪಾಲು ಸಿಗುತ್ತದೆ. ಇದಕ್ಕೆ ಖರ್ಚಿಲ್ಲ, ಆದ್ದರಿಂದ ಯಾರೂ ಮಾಡುವುದಿಲ್ಲ.

ಇಂಥ ಸೈಟುಗಳಲ್ಲಿ ಒಂದು ಮನೆಯ ಒಗ್ಗರಣೆ ಪಕ್ಕದ ಮನೆಯ ಸೀನಾಗುವಂತೆ, ಒಂದು ಮನೆಯ ರೇಡಿಯೋ ಅಲೆ ಪಕ್ಕದ ಮನೆಯ ಗದ್ದಲವಾಗುತ್ತದೆ. ದೂರ ಸಾಗುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಹೆಸರಿಗೆ ಹದಿಮೂರು ಚಾನೆಲ್‌ಗಳಿದ್ದರೂ ಒಂದರ ಮೇಲೊಂದು ಬೀಳದಂತೆ ಕೂರಿಸಲು ಆಗುವುದು ಮೂರನ್ನೇ, ರೂಢಿಯಲ್ಲಿ 1, 6 ಮತ್ತು 11ನ್ನು. ಹತ್ತಾರು ಮನೆಗಳ ರೂಟರುಗಳು ಈ ಮೂರರಲ್ಲಿ ಮೈ ಒತ್ತಿಕೊಂಡು ಕುಳಿತಿರುವಾಗ, ಅದೇ ಪಟ್ಟಿಯ 2.45ರಲ್ಲಿ ಕೆಲಸ ಮಾಡುವ ಮೈಕ್ರೋವೇವ್ ಒಲೆಯಲ್ಲಿ ಯಾರೋ ನಿನ್ನೆಯ ಸಾಂಬಾರು ಬಿಸಿಮಾಡತೊಡಗುತ್ತಾರೆ. 5 ಗಿಗಾಹರ್ಟ್ಸ್ ಪಟ್ಟಿ ಗೋಡೆ ದಾಟುವಾಗ ಹೆಚ್ಚು ಸೊರಗುತ್ತದೆಂಬ ಆರೋಪ ನಿಜವೇ, ಆದರೆ ಪಕ್ಕದ ಮನೆಯವರದೂ ಹಾಗೆಯೇ ಸೊರಗುವುದರಿಂದ ನಗರದಲ್ಲಿ ಅದು ದೋಷಕ್ಕಿಂತ ಗುಣ.

ಇಷ್ಟೆಲ್ಲದಕ್ಕೆ ಮನೆಮದ್ದು ಒಂದೇ: ಆಫ್ ಮಾಡಿ ಆನ್ ಮಾಡುವುದು. ತುಂಬಿದ ಸ್ಮರಣೆ ಖಾಲಿಯಾಗಿ, ಎಷ್ಟೋ ಸಲ ರೂಟರು ಹೊಸ ಚಾನೆಲ್ ಆರಿಸಿಕೊಳ್ಳುವುದರಿಂದ ಇದು ಕೆಲಸ ಮಾಡುವುದೂ ಉಂಟು, ಶುಂಠಿ ಕಷಾಯದಂತೆ. ಎರಡನೆಯ ಹಂತದಲ್ಲಿ ರಿಪೀಟರ್ ಎಂಬ, ಕೇಳಿದ್ದನ್ನು ಮತ್ತೆ ಕೂಗಿ ಹೇಳುವ ಸಾಧನ ಬರುತ್ತದೆ. ಅಮ್ಮ ಹೇಳಿದ್ದನ್ನು ಮಹಡಿಗೆ ಓಡಿಹೋಗಿ ಹೇಳುವ ಮಗುವಿನ ಕೆಲಸ ಅದರದು. ಒಂದೇ ಚಾನೆಲ್‌ನಲ್ಲಿ ಪ್ರತಿ ಮಾತನ್ನೂ ಎರಡು ಸಲ ಆಡಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಅದನ್ನು ಸಿಗ್ನಲ್ ಸಿಗದ ಕೋಣೆಯಲ್ಲಿಯೇ ಇಡುವುದು ಹಸಿದವರ ಮನೆಗೆ ಅಕ್ಕಿ ಸಾಲ ಕೇಳಲು ಹೋದಂತೆ. ಅದರ ಸ್ಥಾನ ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುದಾರಿ. ಮೂರನೆಯ ಹಂತ ದೊಡ್ಡ ಪ್ಲಾನ್, ಅಂದರೆ ಸೌಟು ಹಾಗೆಯೇ ಇರುವಾಗ ಹಂಡೆಯನ್ನು ಹಿರಿದು ಮಾಡುವುದು.

ನಿಜವಾಗಿ ಕೆಲಸ ಮಾಡುವ ಮದ್ದು ನೀರಸವಾದದ್ದು: ಪಂಕ್ತಿಯಿಂದ ಕೆಲವರನ್ನು ಎಬ್ಬಿಸುವುದು. ಮದುವೆಯ ಎರಡು ಸಾವಿರ ಫೋಟೋಗಳು ಸಂಜೆ ಏಳಕ್ಕೆ ಮೇಲಕ್ಕೆ ಹೊರಟರೆ ರೂಟರಿನ ಬಾಗಿಲಲ್ಲಿ ಪೊಟ್ಟಣಗಳ ಸರತಿ ಬೆಳೆದು, ಅಕ್ಕನ ಅಮೆರಿಕದ ವಿಡಿಯೋ ಕರೆ ಆ ಸರತಿಯ ಬಾಲದಲ್ಲಿ ನಿಲ್ಲುತ್ತದೆ. ಅವನ್ನು ನಡುರಾತ್ರಿಗೆ ಮುಂದೂಡಬಹುದು. ಗೊತ್ತಿಲ್ಲದ ಆ ಹದಿನಾಲ್ಕನೆಯ ಫೋನನ್ನು ಪಾಸ್‌ವರ್ಡ್ ಬದಲಿಸಿ ಬೀಳ್ಕೊಡಬಹುದು, ಮೇಲಿನ ಮನೆಯವರು ಎರಡು ದಿನ ಮುಖ ತಿರುಗಿಸಿಯಾರು. ಇವೆಲ್ಲಕ್ಕಿಂತ ಮೊದಲು ಏಳಬೇಕಾದದ್ದು ಪಂಕ್ತಿಯ ಅತಿ ದೊಡ್ಡ ಹೊಟ್ಟೆಯವನಾದ ಟಿವಿ. ತನ್ನ ಬೆನ್ನಿಗೇ ಇರುವ ರೂಟರಿನಿಂದ ಅದು ಸಿನಿಮಾವನ್ನು ಗಾಳಿಯಲ್ಲಿ ತರಿಸಿಕೊಳ್ಳುತ್ತಿದೆ. ತಂತಿ ಸಿಕ್ಕಿಸಿದ ಕ್ಷಣದಿಂದ ಸೌಟಿಗೆ ಅದರ ಗೊಡವೆಯೇ ಇರುವುದಿಲ್ಲ. ಅದಕ್ಕೆ ಬೇಕಾದ ಒಂದು ಮೀಟರಿನ ತಂತಿ ರೂಟರಿನ ಜೊತೆಯಲ್ಲಿಯೇ ಬಂದಿತ್ತು. ಅದು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ, ಸುರುಳಿ ಬಿಚ್ಚದೆ, ಹಾಗೆಯೇ ಇದೆ.