ಆರುನೂರು ಕೋಟಿಯ ಚಿಲ್ಲರೆ

ನಮ್ಮ ಮನೆಯ ಮಿಕ್ಸಿ ಜಾರು ಮೂರು ತಿಂಗಳಿಂದ ಸೋರುತ್ತಿತ್ತು. ರಿಪೇರಿಗೆ 600 ರೂಪಾಯಿ ಎಂದು ಅಂಗಡಿಯವನು ಹೇಳಿದಾಗ 'ಜಾಸ್ತಿಯಾಯ್ತು, ನೋಡೋಣ' ಎಂದು ಜಾರನ್ನು ಕಂಕುಳಲ್ಲಿಟ್ಟುಕೊಂಡು ವಾಪಸು ಬಂದವನು ನಾನು. ಅದೇ ವಾರ 'ಕಲ್ಕಿ 2898 ಎಡಿ' ಸಿನಿಮಾಕ್ಕೆ ಸುರಿದ 600 ಕೋಟಿ ಏನೇನೂ ಹೆಚ್ಚಲ್ಲ ಎಂದು ವಾದಿಸಿ ನಾಲ್ಕು ಜನರೊಂದಿಗೆ ಮಾತು ಬಿಟ್ಟವನೂ ನಾನೇ. ಹೀಗೆಂದು ನನ್ನ ಹೆಂಡತಿ ಬಂದವರಿಗೆಲ್ಲ ಕಾಫಿಯ ಜೊತೆಗೆ ಹೇಳುತ್ತಾಳೆ. ಅದರಲ್ಲೊಂದು ತಿದ್ದುಪಡಿ ಇದೆ. ಮಾತು ಬಿಟ್ಟದ್ದು ಮೂವರ ಜೊತೆ ಮಾತ್ರ. ನಾಲ್ಕನೆಯವನು ಶಾಮಣ್ಣ. ಅವನಿಗೆ ಕಿವಿ ಮಂದ, ಮಾತು ಬಿಟ್ಟರೂ ಅವನಿಗೆ ಗೊತ್ತಾಗುವುದಿಲ್ಲ.

ವೈಜ್ಞಾನಿಕ ಸಿನಿಮಾದ ಹುಚ್ಚು ನನಗೆ ಹತ್ತಿದ್ದು 1978ರಲ್ಲಿ, ಅದೂ ಒಂದು ತಪ್ಪು ತಿಳಿವಳಿಕೆಯಿಂದ. ಅಣ್ಣಾವ್ರ 'ಆಪರೇಷನ್ ಡೈಮಂಡ್ ರಾಕೆಟ್' ನಮ್ಮೂರ ಟೆಂಟಿಗೆ ಬಂದಿತ್ತು. ವಜ್ರದ ರಾಕೆಟ್ಟು! ಅಣ್ಣಾವ್ರು ಅದನ್ನು ಹತ್ತಿ ಚಂದ್ರಲೋಕಕ್ಕೆ ಹೋಗುತ್ತಾರೆ ಎಂದು ನಾನು ಕ್ಲಾಸಿನಲ್ಲಿ ನಾಲ್ಕು ಜನರಿಗೆ ಖಚಿತವಾಗಿ ಹೇಳಿ, ಅವರಲ್ಲಿ ಇಬ್ಬರಿಂದ ಕಡಲೆಕಾಯಿಯನ್ನೂ ಪಡೆದಿದ್ದೆ. ಮರಳ ಮೇಲೆ ಕೂತು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದೆ. ಅಣ್ಣಾವ್ರು ನೇಪಾಳದವರೆಗೆ ಹೋದರೇ ಹೊರತು ಅದಕ್ಕಿಂತ ಮೇಲಕ್ಕೆ ಹೋಗಲಿಲ್ಲ. ಅದು ರಾಕೆಟ್ಟಲ್ಲ, ರ‍್ಯಾಕೆಟ್ಟು, ಹಾಗೆಂದರೆ ಕಳ್ಳದಂಧೆ ಎಂದು ನನಗೆ ತಿಳಿದದ್ದು ಬ್ಯಾಂಕಿಗೆ ಸೇರಿದ ಮೇಲೆ.

ಅಂದಿನಿಂದ ಆ ಬಾರದ ರಾಕೆಟ್ಟಿಗಾಗಿ ಕಾಯುತ್ತಲೇ ಇದ್ದೇನೆ. 2002ರ 'ಹಾಲಿವುಡ್'ನಲ್ಲಿ ಉಪೇಂದ್ರ ರೋಬೋ ಆದಾಗ ಸ್ವಲ್ಪ ಸಮಾಧಾನವಾಯಿತು. 2010ರಲ್ಲಿ ರಜನಿ ನೂರಾರು ರಜನಿಯಾಗಿ ಉಂಡೆ ಕಟ್ಟಿದಾಗ ಇನ್ನೂ ಸ್ವಲ್ಪ. ಹೀಗಿರುವಾಗ ಮಹಾಭಾರತದ ಅಶ್ವತ್ಥಾಮನೂ, ಹಾರುವ ಗಾಡಿಗಳೂ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತವೆ ಎಂದರೆ ಬಿಡಲಾದೀತೆ? 2024ರ ಜೂನ್ 27ಕ್ಕೆ ಬಿಡುಗಡೆ. ಆ ಭಾನುವಾರವೇ ನಮ್ಮ ಪಾರ್ಕಿನ ವಾಕಿಂಗ್ ತಂಡ ಬೆಳಗಿನ ಆಟಕ್ಕೆ ಹೊರಟಿತು: ನಾನು, ಶಾಮಣ್ಣ, ಫ್ಯಾಕ್ಟರಿಯಿಂದ ರಿಟೈರಾದ ನಂಜುಂಡಿ, ಅವನ ಷಡ್ಡಕ, ಮತ್ತು ಷಡ್ಡಕನ ಮಗ ಚೇತು.

ಸಿನಿಮಾ ಮೂರು ಗಂಟೆ. ಅದರ ಬಗ್ಗೆ ನನಗೆ ಹೇಳುವುದಕ್ಕೆ ಬೇಕಾದಷ್ಟಿತ್ತು. ಬತ್ತಿದ ಗಂಗೆಯ ಕಾಶಿ, ಅದರ ನೆತ್ತಿಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದ ಪಿರಮಿಡ್ಡಿನಂಥ ಕಾಂಪ್ಲೆಕ್ಸು, ಎಂಟಡಿ ಎತ್ತರ ಕಾಣುವ ಅಮಿತಾಭ್. ಆದರೆ ಹೊರಗೆ ಬಂದು ಎದುರಿನ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತದ್ದೇ ತಡ, ಒಬ್ಬನೂ ಕಥೆ ಎತ್ತಲಿಲ್ಲ. ಎಲ್ಲರೂ ಬಾಯಿ ತೆರೆದದ್ದು ಬಜೆಟ್ಟಿಗೆ.

ನಂಜುಂಡಿ ಮೀಸೆಯ ನೊರೆ ಒರೆಸಿಕೊಂಡು, 'ಇಸ್ರೋದವರು 615 ಕೋಟಿಗೆ ಚಂದ್ರನ ಮೇಲೇ ಇಳಿದ್ರು. ಇವರು 600 ಕೋಟಿ ಖರ್ಚು ಮಾಡಿ ಕಾಶಿಯಲ್ಲೇ ಉಳಿದ್ರು' ಎಂದ. ಇದನ್ನು ಅವನು ಇಂಟರ್‌ವಲ್ಲಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಎಂದು ನನ್ನ ಗುಮಾನಿ. ಮಂಗಳಯಾನ 450 ಕೋಟಿಗೆ ಮುಗಿದದ್ದು, 'ಗ್ರಾವಿಟಿ' ಸಿನಿಮಾಕ್ಕಿಂತ ಅದು ಅಗ್ಗವಾಯಿತೆಂದು 2014ರಲ್ಲಿ ಪ್ರಧಾನಿ ಮೋದಿ ಹೇಳಿದ್ದು, ಎಲ್ಲ ಸಾಲಾಗಿ ಬಂತು. 'ಚಂದ್ರಯಾನಕ್ಕೆ ಪ್ರಭಾಸ್ ಸಂಭಾವನೆ ಕೊಡಬೇಕಿರಲಿಲ್ಲವಲ್ಲಯ್ಯಾ' ಎಂದೆ. ಇದು ಒಳ್ಳೆಯ ಉತ್ತರ ಎಂದು ಈಗಲೂ ನನ್ನ ಅಭಿಪ್ರಾಯ. ಯಾರೂ ನಗಲಿಲ್ಲ.

ಆಗ ಚೇತು ಶುರುಮಾಡಿದ. ಈ ಹುಡುಗನ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸಿನಿಮಾ ನಡೆಯುವಾಗಲೇ ಫೋನು ತೆಗೆದು, ಯಾವ ಊರಿನಲ್ಲಿ ಎಷ್ಟು ಸೀಟು ತುಂಬಿದೆ ಎಂದು ನೋಡುತ್ತಿದ್ದ. ಎದುರಿಗೆ ಅಶ್ವತ್ಥಾಮ ಎದ್ದು ನಿಂತಿದ್ದಾನೆ, ಇವನು ಗುಂಟೂರಿನ ಸೆಕೆಂಡ್ ಷೋ ಎಣಿಸುತ್ತಿದ್ದಾನೆ! 'ಅಂಕಲ್, 236 ರೂಪಾಯಿ ಟಿಕೆಟ್ ಅಂದ್ರೆ 36 ಜಿಎಸ್‌ಟಿ ಹೋಯ್ತು. ಉಳಿದ 200ರಲ್ಲಿ ಹತ್ತಿರ ಹತ್ತಿರ ಅರ್ಧ ಮಲ್ಟಿಪ್ಲೆಕ್ಸ್‌ನವರಿಗೆ. ಮಿಕ್ಕ ನೂರರಲ್ಲಿ ಡಿಸ್ಟ್ರಿಬ್ಯೂಟರ್ ಕಮಿಷನ್. ಗ್ರಾಸ್ ಬೇರೆ, ನೆಟ್ ಬೇರೆ, ಶೇರ್ ಬೇರೆ. ಬಿಕೆಟಿ ಬೇರೆ, ಓವರ್‌ಸೀಸ್ ಬೇರೆ. ಥಿಯೇಟರ್‌ನಿಂದಲೇ 600 ವಾಪಸ್ ಬರಬೇಕಂದ್ರೆ ಸಾವಿರದ ನಾನೂರು ದಾಟಬೇಕು' ಎಂದು ಒಂದೇ ಉಸಿರಿಗೆ ಒದರಿದ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, 'ಬಿಡಿ ಅಂಕಲ್. 600 ಕೋಟಿ ಅಂದ್ರೆ ಎಷ್ಟು ಅಂತ ನಿಮಗೆ ಅಂದಾಜಿದೆಯಾ?' ಎಂದು ಕೇಳಿದ.

ಇಪ್ಪತ್ತೈದು ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತು ಸ್ವಯಂ ನಿವೃತ್ತಿ ಪಡೆದವನಿಗೆ ಕೇಳುವ ಪ್ರಶ್ನೆಯೇ ಅದು?

ಮೇಜಿನ ಮೇಲೆ ಟಿಶ್ಯೂ ಕಾಗದದ ನೀಲಿ ಪ್ಲಾಸ್ಟಿಕ್ ಡಬ್ಬಿ ಇತ್ತು. ದರ್ಶಿನಿಗಳ ಈ ಕಾಗದದ ಮಹಿಮೆ ನಿಮಗೆ ಗೊತ್ತೇ ಇದೆ. ಅದರಲ್ಲಿ ಕೈ ಒರೆಸಿಕೊಂಡರೆ ಕೈಯೇ ಅದನ್ನು ಒರೆಸಿಬಿಡುತ್ತದೆ. ಡಬ್ಬಿಯಲ್ಲಿದ್ದುದನ್ನೆಲ್ಲ ಹೊರಗೆಳೆದು, ಮೇಜಿಗೆ ತಟ್ಟಿ ಅಂಚು ಸಮ ಮಾಡಿ, 'ಇದು ಐನೂರರ ನೋಟು ಅಂತ ತಿಳ್ಕೊ' ಎಂದೆ. ಸ್ಪಂಜಿನ ಡಬ್ಬಿಯಿಲ್ಲದೆ ಕ್ಯಾಷಿಯರನ ಬೆರಳು ಓಡುವುದಿಲ್ಲ. ಇಡ್ಲಿ ತಟ್ಟೆಯಂಚಿನ ಚಟ್ನಿ ನೀರಿಗೆ ಬೆರಳು ತಾಗಿಸಿ ಎಣಿಸತೊಡಗಿದೆ. ಮೂವತ್ತರ ಹೊತ್ತಿಗೆ ಎರಡು ಕಾಗದ ಅಂಟಿಕೊಂಡೇ ಬಂದವು. ಜೋಡಿ ನೋಟು ಬಂದರೆ ಮೊದಲಿನಿಂದ ಎಣಿಸಬೇಕು, ಅದು ಧರ್ಮ. ಮೊದಲಿನಿಂದ ಎಣಿಸಿ ನೂರಾದ ಮೇಲೆ, ಇನ್ನೊಮ್ಮೆ ಎಣಿಸದೆ ಕಟ್ಟು ಕಟ್ಟಬಾರದು, ಅದೂ ಧರ್ಮ. ಈ ಸಲ ತೊಂಬತ್ತೆಂಟು.

ಎರಡು ನೋಟು ಷಾರ್ಟೇಜ್!

ನನ್ನ ಎದೆ ಹೊಡೆದುಕೊಳ್ಳತೊಡಗಿತು. ಬ್ಯಾಂಕಿನಲ್ಲಿ ಷಾರ್ಟೇಜ್ ಬಂದರೆ ಕ್ಯಾಷಿಯರ್ ಕೈಯಿಂದಲೇ ತುಂಬಿಕೊಡಬೇಕು. ನಿವೃತ್ತಿಯಾಗಿ ಎಷ್ಟು ವರ್ಷವಾದರೇನು, ದೇಹಕ್ಕೆ ಅದು ಗೊತ್ತಿರಬೇಕಲ್ಲ! ಬಗ್ಗಿ ಮೇಜಿನ ಕೆಳಗೆ ಹುಡುಕಿದೆ. ಪಕ್ಕದ ಮೇಜಿನವರ ಕಾಲು ಎತ್ತಿಸಿದೆ. ಅವರು ಪಾಪ, ಬೆಲೆಬಾಳುವುದು ಏನೋ ಬಿದ್ದಿರಬೇಕೆಂದು ತಾವೂ ಬಗ್ಗಿ ಹುಡುಕಿದರು. ಎದ್ದು ನೋಡಿದರೆ ಶಾಮಣ್ಣ ಆ ಸಾವಿರ ರೂಪಾಯಿಯಿಂದ ಬಾಯಿ ಒರೆಸಿಕೊಂಡು ಬುಟ್ಟಿಗೆ ಎಸೆಯುತ್ತಿದ್ದಾನೆ. 'ಶಾಮಣ್ಣಾ, ಅದು ಆರುನೂರು ಕೋಟಿಯದು ಕಣಯ್ಯಾ!' ಎಂದು ಕೂಗಿದೆ. ಅವನು ನನ್ನತ್ತ ನೋಡಿ, 'ಹೂಂ, ಚಟ್ನಿ ಚೆನ್ನಾಗಿದೆ' ಎಂದ.

ಪಾರ್ಸೆಲ್ ಕೌಂಟರಿನಿಂದ ಒಂದು ರಬ್ಬರ್ ಬ್ಯಾಂಡು ಬೇಡಿ ತಂದು ಕಟ್ಟು ಹಾಕಿದೆ. 'ನೋಡಪ್ಪಾ ಚೇತು. ಇದು ಒಂದು ಕಟ್ಟು, ಐವತ್ತು ಸಾವಿರ. 600 ಕೋಟಿಗೆ ಇಂಥವು ಒಂದು ಲಕ್ಷದ ಇಪ್ಪತ್ತು ಸಾವಿರ ಬೇಕು. ಕಟ್ಟಿಗೆ ಅರ್ಧ ನಿಮಿಷದಂತೆ ನಾನು ದಿನಕ್ಕೆ ಎಂಟು ಗಂಟೆ ಬಿಡದೆ ಎಣಿಸಿದರೂ 125 ದಿನ. ಊಟ, ಉಚ್ಚೆ, ಮುಷ್ಕರ ಯಾವುದನ್ನೂ ಸೇರಿಸಿಲ್ಲ. ನೋಟಿಗೆ ಒಂದು ಗ್ರಾಂ ಹಿಡಿದರೂ 12 ಟನ್. ನಿಮ್ಮ ಪ್ರಭಾಸ್ ಓಡಿಸುತ್ತಾನಲ್ಲ ಬುಜ್ಜಿ ಗಾಡಿ, ಅದು 6 ಟನ್. ಎರಡು ಬುಜ್ಜಿಯ ತೂಕ! ಅಂದಾಜಿದೆಯಾ ಅಂತ ನನ್ನನ್ನ ಕೇಳ್ತೀಯಾ?'

ಹೋಟೆಲಿನ ಗಲ್ಲೆಯಿಂದ ಧ್ವನಿ ಬಂತು: 'ಸಾರ್, ಅದೇನು ಮಾಡ್ತಾ ಇದೀರ?'

'600 ಕೋಟಿ ಎಣಿಸ್ತಾ ಇದೀನಿ.'

'ಎಣಿಸಿ ಸಾರ್. ಎಣಿಸಿದ ಮೇಲೆ ಡಬ್ಬೀಲೇ ಇಡಿ.'

ವಿಜಯದ ಭರದಲ್ಲಿ ಕಟ್ಟನ್ನು ಚೇತುವಿನ ಮುಖದ ಮುಂದೆ ಆಡಿಸಿದೆ. ರಬ್ಬರ್ ಬ್ಯಾಂಡು ಹಳೆಯದು, ಪಟ್ಟನೆ ಕಿತ್ತುಹೋಯಿತು. ಮೇಲೆ ಗೋಡೆ ಫ್ಯಾನು ಆಗ ತಾನೇ ಈ ಕಡೆಗೆ ಕತ್ತು ತಿರುಗಿಸಿತ್ತು. ತೊಂಬತ್ತೆಂಟು ಕಾಗದವೂ ಎದ್ದವು. ಈ ಕ್ಷಣವನ್ನು ಕ್ಯಾಮೆರಾದಲ್ಲಿ ಹಿಡಿದಿದ್ದರೆ ನಯಾಪೈಸೆ ಖರ್ಚಿಲ್ಲದ ವಿಎಫ್ಎಕ್ಸ್. ಒಂದು ಕಾಗದ ಫಿಲ್ಟರ್ ಕಾಫಿಯ ಡಿಕಾಕ್ಷನ್ನಿಗೆ ಇಳಿಯಿತು. ಇನ್ನೊಂದು, ಗರಿಗರಿ ಮಸಾಲೆ ದೋಸೆಯ ಮೊದಲ ತುತ್ತು ಮುರಿಯುತ್ತಿದ್ದ ಪುಣ್ಯಾತ್ಮನ ಬೆಣ್ಣೆಯ ಮೇಲೆ ಕೂತು ಕರಗಿಹೋಯಿತು. ನಂಜುಂಡಿಯ ಷಡ್ಡಕ ನನಗೂ ಅವನಿಗೂ ಪರಿಚಯವೇ ಇಲ್ಲವೆಂಬಂತೆ ಬೋರ್ಡಿನಲ್ಲಿ ಖಾರಾಬಾತಿನ ಬೆಲೆ ಓದತೊಡಗಿದ. ನೆಲ ಒರೆಸುವ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, 'ಓದಿದೋರ ಥರ ಕಾಣ್ತೀರ' ಎಂದಳು. ಅಷ್ಟೇ ಅಂದಳು. ನಾನು ಮಂಡಿಯೂರಿ ಆಯ್ದೆ. ಆಯುವಾಗಲೂ ಎಣಿಸುತ್ತಲೇ ಇದ್ದೆ. ಎಂಬತ್ತೊಂದು ಸಿಕ್ಕವು.

ಜುಲೈ ಮಧ್ಯದ ಹೊತ್ತಿಗೆ ಸಾವಿರ ಕೋಟಿ ದಾಟಿತೆಂದು ನಿರ್ಮಾಪಕರ ಪೋಸ್ಟರು ಬಂತು. ನಾನು ಪಾರ್ಕಿಗೆ ಎದೆಯುಬ್ಬಿಸಿಕೊಂಡು ಹೋದೆ, ನಾನೇ ಬಂಡವಾಳ ಹಾಕಿದವನಂತೆ. 'ಅದು ಗ್ರಾಸ್ ಅಂಕಲ್' ಎಂದ ಚೇತು. ಮಾತು ಬಿಟ್ಟದ್ದು ಆಗಲೇ.

ಮನೆಗೆ ಬಂದು ಕೂತಾಗ ನೆನಪಾದದ್ದು ಬೇರೆ. 1994ರಲ್ಲಿ ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಶಾಖೆಯಲ್ಲಿದ್ದೆ. ಅಲ್ಲಿನ ಟಾಕೀಸಿನ ಗುಮಾಸ್ತರು ದಿನಾ ಹತ್ತೂವರೆಗೆ ಹಿಂದಿನ ದಿನದ ಕಲೆಕ್ಷನ್ನನ್ನು ಖಾಕಿ ಚೀಲದಲ್ಲಿ ತರುತ್ತಿದ್ದರು. ಒಂದು, ಎರಡು, ಐದರ ನೋಟುಗಳು. ಬೀಡಿ, ಮಲ್ಲಿಗೆ, ಬೆವರು ಎಲ್ಲ ಕೂಡಿದ ಒಂದು ವಾಸನೆ. ಚೀಲ ಕೌಂಟರಿನ ಮೇಲೆ ಕೂತ ಸದ್ದಿನಲ್ಲೇ ಪಿಕ್ಚರ್ ಹಿಟ್ಟೋ ತೋಪೋ ಹೇಳುತ್ತಿದ್ದೆ. ಆ ಊರಿನ ಮೊದಲ ಟ್ರೇಡ್ ಅನಲಿಸ್ಟ್ ನಾನೇ ಎನ್ನಬೇಕು. 'ಜುರಾಸಿಕ್ ಪಾರ್ಕ್' ಹಿಂದಿಯಲ್ಲಿ ಬಂತು. ಊರಿನಲ್ಲಿ ಹಿಂದಿ ಬರುವವರು ಹತ್ತು ಜನವಿರಲಿಲ್ಲ. ಸ್ಪೀಲ್‌ಬರ್ಗ್ ಅದಕ್ಕೆ 6 ಕೋಟಿ 30 ಲಕ್ಷ ಡಾಲರ್ ಸುರಿದಿದ್ದ. ಎರಡು ಗಂಟೆ ಮೀರಿದ ಚಿತ್ರದಲ್ಲಿ ಡೈನೋಸಾರು ಕಾಣುವುದು 15 ನಿಮಿಷದ ಆಸುಪಾಸು. ನಮ್ಮೂರಿಗೆ ಇವೆರಡೂ ತಿಳಿದಿರಲಿಲ್ಲ. 'ಓತಿಕ್ಯಾತನ ಪಿಚ್ಚರ್' ಎಂದು ಗಾಡಿ ಕಟ್ಟಿಕೊಂಡು ಬಂದರು. ಆ ವಾರ ಗುಮಾಸ್ತರು ಎರಡು ಚೀಲ ತಂದು, ನಾನು ಎಣಿಸುತ್ತಿದ್ದರೆ ತುಟಿಯಲ್ಲಿ ತಾವೂ ಎಣಿಸಿಕೊಳ್ಳುತ್ತ ನಿಂತಿರುತ್ತಿದ್ದರು.

ಕೇಬಲ್ ಬಂದ ಮೇಲೆ ಚೀಲ ಬಡವಾಯಿತು. ಒಂದು ಸೋಮವಾರ ತಂದದ್ದು ಎರಡು ನಿಮಿಷದ ಕೆಲಸ. ನಾನು ಸರಸರನೆ ಎಣಿಸಲು ಕೈ ಹಾಕಿದಾಗ ಅವರು ಮೆಲ್ಲಗೆ, 'ಸ್ವಲ್ಪ ನಿಧಾನಕ್ಕೆ ಎಣಿಸಿ ಸಾರ್' ಎಂದರು. ಹಿಂದೆ ಕ್ಯೂನಲ್ಲಿ ಜನ ನಿಂತಿದ್ದರು. ನಿಧಾನಕ್ಕೆ ಎಣಿಸಿದೆ. ಟಾಕೀಸು ಈಗ ಕಲ್ಯಾಣಮಂಟಪ. ಒಂದು ಮದುವೆಗೆ ಹೋಗಿದ್ದೆ. ಬಾಲ್ಕನಿಯನ್ನು ಹಾಗೇ ಉಳಿಸಿಕೊಂಡು ಊಟದ ಹಾಲ್ ಮಾಡಿದ್ದಾರೆ.

ಚೇತುವಿಗೆ ಇದನ್ನು ಹೇಳೋಣವೆಂದುಕೊಂಡೆ. 'ಅದು ನೆಟ್ಟೋ ಗ್ರಾಸೋ ಅಂಕಲ್?' ಎಂದಾನೆಂದು ಸುಮ್ಮನಾದೆ.

ಈಗ ಎಲ್ಲರ ಜೊತೆಗೂ ಮಾತು ಶುರುವಾಗಿದೆ. ಕಾರಣ, 'ಕಲ್ಕಿ'ಯ ಎರಡನೇ ಭಾಗದಲ್ಲಿ ನಟಿ ದೀಪಿಕಾ ಇರುವುದಿಲ್ಲವೆಂದು 2025ರ ಸೆಪ್ಟೆಂಬರಿನಲ್ಲಿ ನಿರ್ಮಾಪಕರು ಹೇಳಿಬಿಟ್ಟರು. ಅದರಿಂದ ಬಜೆಟ್ ಇಳಿಯುತ್ತದೋ ಏರುತ್ತದೋ ಎಂದು ತೀರ್ಮಾನಿಸಲು ಒಬ್ಬ ಕ್ಯಾಷಿಯರ್ ಬೇಕಾಗಿದ್ದಾನಂತೆ. ಮಿಕ್ಸಿ ಜಾರು ರಿಪೇರಿಯಾಗಿದೆ. 550ಕ್ಕೆ ಒಪ್ಪಿಸಿದೆ.

ಮೊನ್ನೆ ಐದೂ ಜನ ಅದೇ ದರ್ಶಿನಿಗೆ ಹೋಗಿದ್ದೆವು. ಮೇಜುಗಳ ಮೇಲೆ ನೀಲಿ ಡಬ್ಬಿ ಇಲ್ಲ. ಟಿಶ್ಯೂವನ್ನು ಗಲ್ಲೆಯ ಒಳಗಿಟ್ಟುಕೊಂಡಿದ್ದಾರೆ. ಕೇಳಿದವರಿಗೆ ಎರಡೆರಡು ಕೊಡುತ್ತಾರೆ, ಎಣಿಸಿ.