ಕೌದಿ ಹೊಲಿಯುವ ಅಧಿಕೃತ ಕೈಪಿಡಿ
(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಬಳಕೆಗೆ ಮಾತ್ರ)

ಉದ್ದೇಶ: ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಯನ್ನು ತಡೆಯುವುದು. ಬೇಸಿಗೆಯಲ್ಲಿ ಇದೇ ಕೌದಿ ಹಾಸಿಗೆಯಾಗುತ್ತದೆ, ಚಕ್ಕಡಿಯಲ್ಲಿ ಮೆತ್ತೆಯಾಗುತ್ತದೆ. ಬೇರೆ ಬೇರೆ ಮಾದರಿ ಕೊಳ್ಳುವ ಅಗತ್ಯವಿಲ್ಲ.

ಸಾಮಗ್ರಿ: ಹಳೆಯ ಹತ್ತಿ ಸೀರೆ ನಾಲ್ಕೈದು, ಬೆಟಗೇರಿ ಮಗ್ಗದ್ದಾಗಲಿ ಇಳಕಲ್ಲಿನದಾಗಲಿ. 1997ರಲ್ಲಿ ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾಗುವ ಮೊದಲು ಕೊಂಡದ್ದಾದರೆ ಅತ್ಯುತ್ತಮ. ಅಷ್ಟು ವರ್ಷ ಒಗೆತ ತಿಂದ ಅರಿವೆಯೇ ಮೈಗೆ ಮೆತ್ತಗೆ. ಜೊತೆಗೆ ಅಜ್ಜನ ಧೋತರ, ಗುಳೇದಗುಡ್ಡ ಖಣದ ಹರಿದ ಕುಪ್ಪಸ, ಮಕ್ಕಳ ಅಂಗಿ, ಉದ್ದನೆಯ ಸೂಜಿ, ದಪ್ಪ ನೂಲು. ಪಾಲಿಸ್ಟರ್ ಎಷ್ಟೇ ಚಂದವಿದ್ದರೂ ಬೇಡ: ಹೊಲಿಯುವಾಗ ಜಾರುತ್ತದೆ, ಹೊದ್ದಾಗ ಬೆವರು ಹೀರುವುದಿಲ್ಲ.

ಎಚ್ಚರಿಕೆ: ಸೀರೆಗಳು ಟ್ರಂಕಿನಲ್ಲಿರುತ್ತವೆ, ಟ್ರಂಕಿನ ಕೀಲಿ ಅತ್ತೆಯ ಸೊಂಟದಲ್ಲಿರುತ್ತದೆ.
“ಅದನ್ನ ಮುಟ್ಟಬ್ಯಾಡ. ನನ್ನ ಕುಬಸದ ಸೀರಿ ಅದು.”
“ಪೂರಾ ಹರದೈತಲ್ರೀ ಅತ್ತಿ.”
“ಹರದ್ರ ಏನಾತು?”
ಈ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿಲ್ಲ. ಚಹಾ ಮಾಡಿಕೊಟ್ಟು ಎರಡು ದಿನ ಕಾಯಿರಿ.

ಹಂತ 1: ಪಡಸಾಲೆ ಗುಡಿಸಿ ಸೀರೆಗಳನ್ನು ಒಂದರ ಮೇಲೊಂದು ಹಾಸಿರಿ. ನೆರಿಗೆ ಬೀಳದಂತೆ ಎಳೆದು ಮೂಲೆಗಳಿಗೆ ಕಲ್ಲು ಹೇರಿ. ಹಳೆಯ ಕೌದಿ ತೀರಾ ಜಾಳಾಗಿದ್ದರೆ ಎಸೆಯದೆ ನಡುವಿನ ಪದರ ಮಾಡಿ.

ಹಂತ 2: ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ. ಸೂಜಿ ಹಿಡಿಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಯಾರ ಸೀರೆ ಮೇಲೆ ಕಾಣಬೇಕು, ಯಾರದು ಒಳಗೆ ಹೋಗಬೇಕು ಎಂಬುದು ತೀರ್ಮಾನವಾಗಲು ಒಂದು ಹಬ್ಬ ಕಳೆಯಬೇಕು. ಅತ್ತೆಯ ಇಳಕಲ್ ಸೀರೆಗೆ ನಡುಮಧ್ಯ ಮೀಸಲು. ಸೊಸೆಯ ತವರಿನ ತುಂಡು ಕಾಲುದೆಸೆಗೆ ಬಂದರೆ ಕೂಡಲೇ ಕೌದಿಯನ್ನು ತಿರುಗಿಸಿ ಹಾಸಿ, ಅದನ್ನೇ ತಲೆದೆಸೆ ಎಂದು ಸಾರಿರಿ.

ಹಂತ 3: ಹೊಲಿಗೆಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬನ್ನಿ. ಸಾಲುಗಳ ನಡುವೆ ಬೆರಳಗಲದ ಜಾಗವಿರಲಿ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಮೂಲೆಗಳಿಗೆ ಅರಿವೆ ಮಡಚಿ ‘ಫುಲಾ’ ಕೂರಿಸುತ್ತಾರೆ. ಚಂದ ಕಂಡರೆ ಕಲಿಯಿರಿ. ಎಷ್ಟು ಕೈ ಸೇರಬಹುದು ಎಂಬುದಕ್ಕೆ ಮಿತಿಯಿಲ್ಲ. ಸುಧಾ ಮೂರ್ತಿಯವರಿಗೆ ಮೂರು ಸಾವಿರ ಮಾಜಿ ದೇವದಾಸಿಯರು ತಲಾ ಒಂದು ಹೊಲಿಗೆ ಹಾಕಿ ಹೊದಿಕೆ ಕೊಟ್ಟರು. ಅವರ 2017ರ ‘ಥ್ರೀ ಥೌಸಂಡ್ ಸ್ಟಿಚಸ್’ ಪುಸ್ತಕಕ್ಕೆ ಹೆಸರು ಬಂದದ್ದು ಅಲ್ಲಿಂದ. ನಿಮ್ಮ ಓಣಿಯಲ್ಲಿ ನಾಲ್ವರು ಕೂತರೂ ಸಾಕು. ಊರ ಸುದ್ದಿ ಮುಗಿದಲ್ಲಿ ಹೊಲಿಗೆಯೂ ನಿಲ್ಲುವುದರಿಂದ ಸುದ್ದಿಯ ದಾಸ್ತಾನು ಮೊದಲೇ ಇಟ್ಟುಕೊಳ್ಳಿ.

ಹೊರಗುತ್ತಿಗೆ: ಪುರುಸೊತ್ತಿಲ್ಲದವರು ಓಣಿಗೆ ಬರುವ ಕೌದಿ ಹೊಲಿಯುವವರನ್ನು ಕರೆಯಬಹುದು. ಸಾವಿರಾರು ಹೊಲಿಗೆಗೆ ಅವರು ಕೇಳುವ ಕೂಲಿಯಲ್ಲಿ ಚೌಕಾಶಿ ಮಾಡುವವರಿಗೆ ಅಂಗಡಿಯ ರಗ್ಗೇ ಗತಿಯಾಗಲಿ.

ನಿರ್ವಹಣೆ: ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ-ಹೊದಿಕೆಯೆಲ್ಲ ಒಗೆಯುವಾಗ ಕೌದಿಯನ್ನೂ ಹಳ್ಳಕ್ಕೋ ತುಂಗಭದ್ರೆಗೋ ಒಯ್ಯಿರಿ. ನೀರು ಕುಡಿದ ಕೌದಿ ಒಬ್ಬರಿಂದ ಏಳುವುದಿಲ್ಲ. ಒಂದು ತುದಿ ಅತ್ತೆ, ಇನ್ನೊಂದು ತುದಿ ಸೊಸೆ ಹಿಡಿದು ವಿರುದ್ಧ ದಿಕ್ಕಿಗೆ ತಿರುವಬೇಕು. ಇಬ್ಬರೂ ಒಂದೇ ಕಡೆ ತಿರುವಿದರೆ ಹನಿ ನೀರೂ ಇಳಿಯದು. ಇದಕ್ಕೆ ಪ್ರತ್ಯೇಕ ತರಬೇತಿ ಬೇಕಾಗಿಲ್ಲ.