ಕಾಳಿಯ ಪಾಪ

ಮನೆ ಯಲಹಂಕ ನ್ಯೂ ಟೌನಿನಲ್ಲಿ, ಆಫೀಸು ನಾಗವಾರದಲ್ಲಿ, ನಡುವೆ ಹೆಬ್ಬಾಳದ ಫ್ಲೈಓವರು. ದಿನಕ್ಕೆ ಹದಿಮೂರು ಗಂಟೆ ಹೊರಗಿರುವ ಒಂಟಿ ಗಂಡಸು ತುಳಸಿಗಿಡವನ್ನೂ ಸಾಕಬಾರದು ಅಂತ ಅಮ್ಮ ಹೇಳುತ್ತಲೇ ಇದ್ದಳು. ಆದರೆ ಒಂದು ಮಳೆಯ ರಾತ್ರಿ ನನ್ನ ಸ್ಕೂಟರಿನ ಕೆಳಗೆ ಕರೀ ನಾಯಿಮರಿಯೊಂದು ನಡುಗುತ್ತ ಕೂತಿತ್ತು. ಕಾಳಿ ಎಂದು ಹೆಸರಿಟ್ಟೆ.

ಬಣ್ಣ ನೋಡಿ ಇಟ್ಟ ಹೆಸರಲ್ಲ, ಅದಕ್ಕೆ ಶಾಸನದ ಆಧಾರವಿದೆ. ಮದ್ದೂರು ಕಡೆಯ ಆತಕೂರಿನಲ್ಲಿ ಸಿಕ್ಕ ಆ ಕಲ್ಲು ಈಗ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. 949ರ ಸುಮಾರಿಗೆ ತಕ್ಕೋಲದಲ್ಲಿ ಚೋಳರ ಮೇಲೆ ಬಿದ್ದು ಕಾದಿದ ಮಣಲೇರನೆಂಬ ವೀರನಿಗೆ ಅವನ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದನಂತೆ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಊರೂ ಸಿಕ್ಕಿತು ಅನ್ನಿ, ಆದರೆ ಬಾಯಿಬಿಟ್ಟು ಬೇಡಿದ್ದು ನಾಯಿಯನ್ನೇ. ಆ ಕಾಳಿ ಮುಂದೆ ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ನಮ್ಮ ಕಾಳಿ ಮೋರಿಯ ಹೆಗ್ಗಣ ಕಂಡು ನನ್ನ ಹಿಂದೆ ಅವಿತುಕೊಂಡಿತು. ನಾನೂ ಅವಿತುಕೊಳ್ಳಲು ಜಾಗ ಹುಡುಕುತ್ತಿದ್ದೆ, ಆ ಮಾತು ಬೇರೆ.

ಅಪ್ರೈಸಲ್ ದಿನ ನಮ್ಮ ಮ್ಯಾನೇಜರೂ ಏನು ಬೇಕು ಅಂತ ಕೇಳಿದರು. ಮಣಲೇರನನ್ನು ನೆನೆದು, "ಆರು ಗಂಟೆಗೆ ಬಿಟ್ಟುಬಿಡಿ ಸಾರ್, ನಾಯಿ ಕಾಯ್ತಿರತ್ತೆ" ಅಂದೆ. "ಮಕ್ಕಳಿರೋರಿಗೇ ಬಿಡೋಕಾಗ್ತಿಲ್ಲ ಕಣ್ರೀ" ಅಂದರು.

ಕಾಯುತ್ತದೆ ಎಂಬ ಸಂಕಟಕ್ಕೇ ಮನೆಯಲ್ಲೊಂದು ಕ್ಯಾಮೆರಾ ಹಾಕಿಸಿದೆ. ಮಧ್ಯಾಹ್ನ ಕೆಳಮನೆಯ ಅಜ್ಜಿ ಬೀಗ ತೆಗೆದು ಒಂದು ಸುತ್ತು ಹೊರಗೆ ಕರೆದೊಯ್ಯುತ್ತಾರೆ. ಮಿಕ್ಕ ಹೊತ್ತೆಲ್ಲ ಮೊಬೈಲಿನಲ್ಲಿ ಕಾಣುವುದು ಒಂದೇ ದೃಶ್ಯ: ನನ್ನ ಹಾಸಿಗೆ, ನನ್ನ ದಿಂಬು, ಮೇಲೆ ನಾಲ್ಕು ಕಾಲು ಆಕಾಶಕ್ಕೆ. ಮೂರನೇ ಮೀಟಿಂಗಿನ ನಡುವೆ ಅದನ್ನು ನೋಡಿದಾಗ ಮರುಕ ಹೋಗಿ ಹೊಟ್ಟೆಕಿಚ್ಚು ಬರುತ್ತದೆ.

ಆದರೂ ರಾತ್ರಿ ಬೀಗಕ್ಕೆ ಕೀಲಿ ಹಾಕುವಾಗ ಒಳಗೆ ಮೊಸಾಯಿಕ್ ನೆಲದ ಮೇಲೆ ಉಗುರುಗಳ ಟಕಟಕ. ಬಾಗಿಲು ತೆರೆದರೆ ಬಾಲವೊಂದೇ ಅಲ್ಲ, ಸೊಂಟದಿಂದ ಹಿಂದಿನ ಇಡೀ ನಾಯಿ ಅಲ್ಲಾಡುತ್ತಿರುತ್ತದೆ. ಬಾಯಲ್ಲಿ ನನ್ನದೊಂದು ಕಾಲುಚೀಲ. ಜೊತೆಯದು ಎಲ್ಲಿದೆ ಎಂದು ನಾನು ಕೇಳುವುದಿಲ್ಲ. ಹನ್ನೊಂದಕ್ಕೆ ವಾಕಿಂಗು. ಒಂದೊಂದು ಕ್ರಾಸಿಗೂ ಒಂದೊಂದು ನಾಯಿಪಡೆ. ಗಡಿ ದಾಟುವಾಗಲೆಲ್ಲ ಮಣಲೇರನ ಕೆಲಸವೇ ಸಲೀಸಿತ್ತು ಅನ್ನಿಸುತ್ತದೆ.

ಆತಕೂರಿನ ಕಲ್ಲಿನಲ್ಲಿ ಇನ್ನೊಂದು ಕಟ್ಟಳೆಯಿದೆ. ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನ ತಲೆಗೆ. ಓದಿ ನಕ್ಕಿದ್ದೆ. ಕಳೆದ ಗುರುವಾರ ರಿಲೀಸ್ ಮುಗಿಸಿ ಬರುವಾಗ ಹನ್ನೆರಡು ದಾಟಿತ್ತು. ಹಸಿವು ತಡೆಯದೆ, ಕಾಳಿಯ ತಟ್ಟೆಗೆ ಹಾಕುವ ಮೊದಲೇ ಫ್ರಿಜ್ ಮುಂದೆ ನಿಂತು ಮೊಸರನ್ನ ತಿಂದೆ. ಕಾಳಿ ಬೊಗಳಲಿಲ್ಲ, ಸುಮ್ಮನೆ ಕೂತು ನೋಡಿತು.

ಬೆಳಿಗ್ಗೆ ನನ್ನ ಐಡಿ ಕಾರ್ಡಿನಲ್ಲಿ ಉಳಿದಿದ್ದು ಕ್ಲಿಪ್ಪು ಮತ್ತು ನನ್ನ ಫೋಟೋದ ಎಡಗಿವಿ. ಆಫೀಸಿನ ಗೇಟಿನಲ್ಲಿ ಏಳು ವರ್ಷದಿಂದ ನಮಸ್ಕಾರ ಹೊಡೆಯುತ್ತಿದ್ದ ಸೆಕ್ಯುರಿಟಿ, ವಿಸಿಟರ್ಸ್ ಪುಸ್ತಕ ಮುಂದೆ ತಳ್ಳಿದ. ಹೆಸರು ಬರೆದೆ, ಊರು ಬರೆದೆ. 'ಬಂದ ಕಾರಣ' ಎಂಬ ಕಾಲಮ್ಮಿನಲ್ಲಿ ಸ್ವಲ್ಪ ಯೋಚಿಸಿ, "ನಾಯಿ" ಎಂದು ಬರೆದೆ.